ಕೋಲಾರದಲ್ಲಿ ಕೂತು ಸೋಲ್ ಕೇಳೋಕೆ ವೈಫೈ ರೇಡಿಯೋ: ಸೆಟ್ಟು ಸುಮಾರು, ಸ್ಟೇಷನ್ನು ಸೂಪರ್

ಎಂಟು ಸಾವಿರ ಕೊಟ್ಟು ವೈಫೈ ರೇಡಿಯೋ ತಗೋಬೇಕಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಂಟರ್ನೆಟ್ ಮೂಲಕ ದೂರದ ಊರುಗಳ ಸ್ಟೇಷನ್ ಹಿಡಿಯುವ ರೇಡಿಯೋ ಇದು. ಸಿನಿಮಾ ಹಾಡು ಕೇಳೋಕಷ್ಟೇ ಆದರೆ ಬೇಡ. ಫೋನಿದೆ, ಸುಮ್ನೆ ದುಡ್ಡು ದಂಡ. ದೂರದ ಊರುಗಳ ಸಣ್ಣ ಸಣ್ಣ ಸ್ಟೇಷನ್ ಹುಡುಕಿ ದಿನವಿಡೀ ಹಾಕಿಕೊಂಡು ಕೂರುವ ಚಟ ಇದ್ದರೆ, ಅದರಲ್ಲೂ ನನ್ನ ಹಾಗೆ ಸೋಲ್ ಸಂಗೀತದ ಹುಚ್ಚಿದ್ದರೆ, ಧೈರ್ಯವಾಗಿ ತಗೊಳ್ಳಿ. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಡಬ್ಬ ನಾಲ್ಕಾರು ಹೆಸರಲ್ಲಿ ಆನ್‌ಲೈನಲ್ಲಿ ಸಿಗುತ್ತದೆ, ಒಳಗಿನ ಮಾಲು ಒಂದೇ.

ಕೋಲಾರದಲ್ಲಿ ಸೋಲ್ ಕೇಳೋರು ಯಾರಪ್ಪ ಅಂತ ನಗಬೇಡಿ. ಪಕ್ಕದಲ್ಲೇ ಕೆಜಿಎಫ್ ಇದೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕ್ಲಬ್ಬುಗಳಲ್ಲಿ ಬ್ಯಾಂಡು, ಡ್ಯಾನ್ಸು ಎಲ್ಲಾ ಇತ್ತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಪಿಯಾನೋ ಇರುತ್ತಿತ್ತು, ರೆಕಾರ್ಡ್ ಪ್ಲೇಯರ್ ಇರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ಅದಕ್ಕೂ ಮುಂಚೆಯೇ ಎಷ್ಟೋ ಜನ ಆಸ್ಟ್ರೇಲಿಯಾ, ಇಂಗ್ಲೆಂಡ್ ಅಂತ ಹೊರಟುಹೋಗಿದ್ದರು, ರೆಕಾರ್ಡುಗಳಲ್ಲಿ ಒಂದಷ್ಟು ಮಾತ್ರ ಇಲ್ಲೇ ಉಳಿದವು. ರಾಬರ್ಟ್‌ಸನ್‌ಪೇಟೆಯ ಒಬ್ಬ ಅಂಕಲ್ ಮನೆಯಲ್ಲಿ ಅಂಥ ರೆಕಾರ್ಡ್ ಕೇಳಿಯೇ ನನಗೆ ಈ ರೋಗ ಅಂಟಿದ್ದು. ಈಗ ನಮ್ಮಂಥವರು ಕೋಲಾರ, ಬಂಗಾರಪೇಟೆ, ಕೆಜಿಎಫ್ ಎಲ್ಲಾ ಸೇರಿಸಿದರೂ ಒಂದು ಟೆಂಪೋ ಟ್ರಾವೆಲರ್ ತುಂಬಬಹುದೇನೋ.

ಸೋಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಎದೆ ಬಿಚ್ಚಿ ಹಾಡುತ್ತಿದ್ದ ಧಾಟಿಗೆ ಅದೇ ಜನರ ನೋವಿನ ಬೀದಿ ಹಾಡು ಬ್ಲೂಸ್‌ನ ತಾಳ ಸೇರಿ 1950ರ ದಶಕದಲ್ಲಿ ಹುಟ್ಟಿದ್ದು. ರೇ ಚಾರ್ಲ್ಸ್, ಸ್ಯಾಮ್ ಕುಕ್, ಅರೀತಾ ಫ್ರಾಂಕ್ಲಿನ್, ಓಟಿಸ್ ರೆಡ್ಡಿಂಗ್ ಇವರೆಲ್ಲ ಆ ಮನೆತನದವರು. ಕೈವಾರದ ಕಡೆ ಭಜನೆ ಮನೆಯಲ್ಲಿ ಒಬ್ಬರು ತಾತಯ್ಯನ ಪದ ಎತ್ತಿಕೊಟ್ಟು ಉಳಿದವರು ಜೋರಾಗಿ ಹಿಡಿದುಕೊಳ್ಳುತ್ತಾರಲ್ಲ, ಅದನ್ನು ಕೇಳಿ ಬೆಳೆದವರಿಗೆ ಸೋಲ್ ಹಿಡಿಸೋಕೆ ಜಾಸ್ತಿ ಹೊತ್ತು ಬೇಕಾಗಲ್ಲ.

ಸರಿ, ಸೆಟ್ಟಿನ ವಿಷಯಕ್ಕೆ ಬರೋಣ. ಮರದ ಬಣ್ಣದ ಡಬ್ಬ, ಮುಂದೆ ಅಂಗೈಯಗಲದ ಬಣ್ಣದ ಪರದೆ, ಬಲಕ್ಕೆ ಒಂದು ದೊಡ್ಡ ತಿರುಪು. ವೈಫೈ ಇದೆ, ಎಫ್‌ಎಂ ಇದೆ, ಬ್ಲೂಟೂತ್ ಇದೆ. ಬ್ಯಾಟರಿ ಇಲ್ಲ. ನಮ್ಮ ಕಡೆ ಇದು ದೊಡ್ಡ ಕೊರತೆ, ಯಾಕಂದರೆ ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಹೋಗಿ ಬಂದ ಮೇಲೆ ಈ ಪುಣ್ಯಾತ್ಮ ಗಡಿಯಾರ ಮರೆತು, ವೈಫೈ ಹುಡುಕಿ, ಆಮೇಲೆ ನಿಧಾನಕ್ಕೆ ಬಾಯಿ ಬಿಡುತ್ತಾನೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿಗೇ ಹಾಕಿಬಿಡಿ. ಇನ್ನೊಂದು, ಇದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಮಾಡಿಟ್ಟುಕೊಂಡವರು ಸೆಟ್ಟು ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ದನಿ ಹೇಗಿದೆ? ಮಾತಿಗೆ ತುಂಬಾ ಚೆನ್ನಾಗಿದೆ. ಹಾಡುವವರ ಗಂಟಲು ಮುಂದೆ ಬಂದು ಕೂರುತ್ತದೆ, ತುತ್ತೂರಿ, ಸ್ಯಾಕ್ಸೊಫೋನ್ ಬಿಡಿಬಿಡಿಯಾಗಿ ಕೇಳುತ್ತವೆ. ಬೇಸ್ ಗಿಟಾರ್ ಮಾತ್ರ ಸಪ್ಪೆ. ಸೋಲ್‌ನಲ್ಲಿ ಅರ್ಧ ಜೀವ ಬೇಸ್‌ನಲ್ಲೇ ಇರುವುದು, ಹಾಗಾಗಿ ಇದು ಸಣ್ಣ ಮಾತಲ್ಲ. ಗೋಡೆಗೆ ಹತ್ತಿರ, ಮೂಲೆಯಲ್ಲಿಟ್ಟರೆ ಸ್ವಲ್ಪ ಗಟ್ಟಿಯಾಗುತ್ತದೆ. ಡೇಟಾ ಬಗ್ಗೆ ಹೆದರುವವರಿಗೆ: 128 ಕೆಬಿಪಿಎಸ್ ಸ್ಟೇಷನ್ ಆದರೆ ಗಂಟೆಗೆ ಸುಮಾರು 58 ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲೂ ನಡೆಯುತ್ತದೆ.

ನನಗೆ ತುಂಬಾ ಕೋಪ ಬಂದಿದ್ದು ಪರದೆಯ ಮೇಲೆ. ಇಂಗ್ಲಿಷ್ ಹಾಡಾದರೆ ಹಾಡಿನ ಹೆಸರು, ಹಾಡಿದವರ ಹೆಸರು ನೀಟಾಗಿ ಓಡುತ್ತದೆ. ಕನ್ನಡ ಸ್ಟೇಷನ್ ಹಾಕಿ, ಅವರು ಕನ್ನಡದಲ್ಲೇ ಹೆಸರು ಕಳಿಸಿದ್ದರೆ ಬರೀ ಚೌಕ ಚೌಕ ಚೌಕ. ಸಾಲುಸಾಲು ಖಾಲಿ ಡಬ್ಬಿ ಎಡದಿಂದ ಬಲಕ್ಕೆ ಮೆರವಣಿಗೆ ಹೊರಟ ಹಾಗೆ ಹೋಗುತ್ತವೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೂ ಅಷ್ಟೇ. ಕಸ್ಟಮರ್ ಕೇರ್‌ಗೆ ಬರೆದರೆ ‘ನಿಮ್ಮ ಸಲಹೆಗೆ ಧನ್ಯವಾದ’ ಅಂತ ಒಂದು ಸಾಲು ಬಂತು, ಮುಗೀತು.

ಕೊಳ್ಳುವ ಮುಂಚೆ ಇನ್ನೊಂದು ಗೊತ್ತಿರಲಿ. ಇಂಥ ಸೆಟ್ಟುಗಳಲ್ಲಿ ಸ್ಟೇಷನ್ ಪಟ್ಟಿ ಸೆಟ್ಟಿನೊಳಗೆ ಇರುವುದಿಲ್ಲ, ಎಲ್ಲೋ ಒಂದು ಸರ್ವರ್‌ನಿಂದ ಬರುತ್ತದೆ. ಆ ಸರ್ವರ್ ನಡೆಸುವವರು ಬಾಗಿಲು ಹಾಕಿದರೆ ಸೆಟ್ಟಿನ ಇಂಟರ್ನೆಟ್ ಭಾಗ ಸತ್ತ ಹಾಗೆ. 2021ರಲ್ಲಿ ರೆಸಿವಾ ಅನ್ನುವ ಪಟ್ಟಿ ಸೇವೆ ನಿಂತಾಗ ಅದನ್ನು ನಂಬಿಕೊಂಡಿದ್ದ ಹಳೇ ರೇಡಿಯೋಗಳಿಗೆ ಆಗಿದ್ದು ಇದೇ. ಸ್ಟೇಷನ್ನಿನ ಇಂಟರ್ನೆಟ್ ವಿಳಾಸವನ್ನು ನಾವೇ ಟೈಪ್ ಮಾಡಿ ಸೇರಿಸೋಕೆ ಬರುತ್ತಾ ಅಂತ ನೋಡಿ ತಗೊಳ್ಳಿ. ನನ್ನದರಲ್ಲಿ ಬರುತ್ತದೆ, ತಿರುಪು ತಿರುಗಿಸಿ ಒಂದೊಂದೇ ಅಕ್ಷರ ಹಾಕುವಷ್ಟರಲ್ಲಿ ಕೈ ಸೋಲುತ್ತದೆ ಅಷ್ಟೇ.

ಇಷ್ಟು ತಕರಾರು ಇದ್ದೂ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ಇಷ್ಟದ ಸ್ಟೇಷನ್ ಉಳಿಸಿಟ್ಟುಕೊಳ್ಳುವ ಬಟನ್‌ಗಳಲ್ಲಿ ಮೊದಲನೇದು. ಅದಕ್ಕೆ ನಾನು ಹಾಕಿರುವುದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಡಬ್ಲ್ಯೂ-ಡಬ್ಲ್ಯೂ-ಓ-ಜೆಡ್. 1980ರಿಂದ ನಡೆಯುತ್ತಿರುವ ಸಮುದಾಯ ರೇಡಿಯೋ, ಅಲ್ಲಿ 90.7 ಎಫ್‌ಎಂ. ಹಾಡು ಹಾಕುವವರು ಸಂಬಳಕ್ಕೆ ಬಂದವರಲ್ಲ, ಊರಿನವರೇ, ಪ್ರೀತಿಗೆ ಬಂದು ಹಾಕುತ್ತಾರೆ. ಖರ್ಚಿನಲ್ಲಿ ದೊಡ್ಡ ಪಾಲು ಕೇಳುಗರ ಚಂದಾದಿಂದ. ಜಾಜ್, ಬ್ಲೂಸ್, ಸೋಲ್ ಎಲ್ಲಾ ಬರುತ್ತದೆ, ಆದರೆ ಮೊದಲ ಮರ್ಯಾದೆ ಆ ಊರಿನ ಹಾಡುಗಾರರಿಗೆ. 1941ರಲ್ಲಿ ಹುಟ್ಟಿದ ಇರ್ಮಾ ಥಾಮಸ್ ಅವರನ್ನು ಅಲ್ಲಿ ಊರಿನ ಸೋಲ್ ರಾಣಿ ಅಂತಲೇ ಕರೆಯುತ್ತಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಹಾಡೂ ಅಲ್ಲ, ಅವರು ಎರಡು ಗಂಟೆಗೊಮ್ಮೆ ಓದುವ ಒಂದು ಪಟ್ಟಿ. ಲೈವ್‌ವೈರ್ ಅನ್ನುತ್ತಾರೆ ಅದಕ್ಕೆ. ಇವತ್ತು ರಾತ್ರಿ ಊರಿನ ಯಾವ ಬಾರಿನಲ್ಲಿ ಯಾರ ಬ್ಯಾಂಡು, ಎಷ್ಟು ಗಂಟೆಗೆ, ಯಾವ ಹಾಲಿನಲ್ಲಿ ಯಾರ ಹಾಡು, ಎಲ್ಲಾ ಒಂದೊಂದಾಗಿ ಓದುತ್ತಾರೆ. ದೊಡ್ಡ ಹೆಸರಿನವರದೂ ಅಷ್ಟೇ, ಮೂಲೆ ಹೋಟೆಲಿನಲ್ಲಿ ಒಬ್ಬನೇ ಪಿಯಾನೋ ಬಾರಿಸುವವನದೂ ಅಷ್ಟೇ. ಅಲ್ಲಿ ಸಂಜೆ ಏಳರ ಪಟ್ಟಿ ನಮಗೆ ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಬರುತ್ತದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಟ್ಟಾಗ ಐದೂವರೆಗೇ. ನಮ್ಮ ಬೀದಿಯಲ್ಲಿ ಡೈರಿಗೆ ಹಾಲು ಹಾಕೋಕೆ ಹೋಗುವವರ ಕ್ಯಾನ್ ಸದ್ದು, ಒಳಗೆ ಈ ಪಟ್ಟಿ. ‘ನೀನು ಅಲ್ಲಿಗೆ ಹೋಗಲ್ಲ, ಅವರ ಅಡ್ರೆಸ್ ಕಟ್ಟಿಕೊಂಡು ಏನು ಮಾಡ್ತೀಯ’ ಅಂತ ನಮ್ಮಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಸ್ಟೇಷನ್ ಅಂದರೆ ಹೀಗಿರಬೇಕು ಅನ್ನೋದು ಆ ಪಟ್ಟಿ ಕೇಳಿಯೇ ನನ್ನ ತಲೆಗೆ ಹೋಗಿದ್ದು. ಹಾಡು ಹಾಕಿ ಸುಮ್ಮನಾದರೆ ಅದು ಅರ್ಧ ಕೆಲಸ. ಹಾಡಿದವರು ಯಾರು, ಇವತ್ತು ಸಂಜೆ ಎಲ್ಲಿ ಸಿಗುತ್ತಾರೆ ಅಂತ ಹೇಳಿದರೆ ಅವರ ಹೊಟ್ಟೆ ತುಂಬುತ್ತದೆ.

2005ರಲ್ಲಿ ಕತ್ರೀನಾ ಚಂಡಮಾರುತ ಬಂದು ಆ ಊರು ಮುಳುಗಿದಾಗ ಸ್ಟೇಷನ್ ಬಂದ್ ಆಯಿತು. ನ್ಯೂಜೆರ್ಸಿಯ ಇನ್ನೊಂದು ಸಣ್ಣ ರೇಡಿಯೋದವರು ಜಾಗ ಕೊಟ್ಟು ಇಂಟರ್ನೆಟ್ಟಿನಲ್ಲಿ ಅದನ್ನು ಮತ್ತೆ ಬದುಕಿಸಿದರು. ಮನೆಮಠ ಬಿಟ್ಟು ಚದುರಿಹೋಗಿದ್ದ ಕಲಾವಿದರಿಗೂ ಕೇಳುಗರಿಗೂ ಊರಿನ ದನಿ ಮತ್ತೆ ಕೇಳಿಸಿದ್ದು ಹಾಗೆ.

ಸೋಲ್ ಹುಟ್ಟಿದ್ದೇ ಹೀಗೆ, ಊರಿನ ರೇಡಿಯೋ ಪಕ್ಕದಲ್ಲಿ. ಅಮೆರಿಕದ ಮೆಂಫಿಸ್ ಊರಿನ ಡಬ್ಲ್ಯೂ-ಡಿ-ಐ-ಎ ಸ್ಟೇಷನ್ನಿನ ಕಥೆ ನೋಡಿ. 1947ರಲ್ಲಿ ಶುರುವಾದಾಗ ಅದೂ ಎಲ್ಲರಂತೆ ಬಿಳಿಯರಿಗಾಗಿ ಹಾಡು ಹಾಕುತ್ತಿತ್ತು, ವ್ಯಾಪಾರ ಆಗಲಿಲ್ಲ. 1948ರಲ್ಲಿ ನ್ಯಾಟ್ ಡಿ. ವಿಲಿಯಮ್ಸ್ ಅನ್ನುವ ಕಪ್ಪು ಮೇಷ್ಟ್ರನ್ನು ಮೈಕಿನ ಮುಂದೆ ಕೂರಿಸಿದರು. ಜನ ಮುಗಿಬಿದ್ದರು. ನೋಡನೋಡುತ್ತಿದ್ದ ಹಾಗೆ ಇಡೀ ಸ್ಟೇಷನ್ ಕಪ್ಪು ಕೇಳುಗರದಾಯಿತು, 1954ರ ಹೊತ್ತಿಗೆ ಪ್ರಸಾರದ ಶಕ್ತಿ 50,000 ವ್ಯಾಟ್. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಹೆಸರು ಮಾಡಿದ್ದು ಅಲ್ಲೇ, ಒಂದು ಟಾನಿಕ್ಕಿನ ಜಾಹೀರಾತು ಹಾಡುತ್ತಾ. ಗಾಯಕ ರೂಫಸ್ ಥಾಮಸ್ ಬಟ್ಟೆ ಮಿಲ್ಲಿನಲ್ಲಿ ದುಡಿಯುತ್ತಲೇ ಅದೇ ಸ್ಟೇಷನ್ನಿನಲ್ಲಿ ಹಾಡು ಹಾಕುತ್ತಿದ್ದರು. ಅವರ ಮಗಳು ಕಾರ್ಲಾ, ಸ್ಟೇಷನ್ನಿನವರೇ ಕಟ್ಟಿದ್ದ ಹೈಸ್ಕೂಲ್ ಮಕ್ಕಳ ಹಾಡಿನ ತಂಡದಲ್ಲಿದ್ದಳು. 1960ರಲ್ಲಿ ಅಪ್ಪ ಮಗಳು ಸೇರಿ ಹಾಡಿದ ಒಂದು ರೆಕಾರ್ಡನ್ನು, ಹಳೇ ಸಿನಿಮಾ ಥಿಯೇಟರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಒಂದು ಸಣ್ಣ ಕಂಪನಿ ತಂದಿತು. ಮೆಂಫಿಸ್ ರೇಡಿಯೋಗಳಲ್ಲಿ ಅದು ಓಡಿತು, ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯವರ ಕಿವಿಗೆ ಬಿತ್ತು, ಒಪ್ಪಂದ ಆಯಿತು. ಆ ಸಣ್ಣ ಕಂಪನಿಯೇ ಮರುವರ್ಷ ಸ್ಟ್ಯಾಕ್ಸ್ ಅಂತ ಹೆಸರು ಬದಲಿಸಿಕೊಂಡಿದ್ದು. ಓಟಿಸ್ ರೆಡ್ಡಿಂಗ್ ಬಂದಿದ್ದು ಅಲ್ಲಿಂದ. ಪಕ್ಕದ ಬೀದಿಯ ಹುಡುಗಿಯ ಹಾಡನ್ನು ಊರಿನ ರೇಡಿಯೋ ಹಾಕದೇ ಇದ್ದಿದ್ದರೆ ನ್ಯೂಯಾರ್ಕಿನವರಿಗೆ ಇವರ ವಿಳಾಸ ಯಾರು ಹೇಳುತ್ತಿದ್ದರು?

ಇಂಗ್ಲೆಂಡಿನದು ಬೇರೆ ಥರ. ಅಲ್ಲಿ ಅಭಿಮಾನಿಗಳದ್ದೇ ದರ್ಬಾರು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ್ದ ರೆಕಾರ್ಡುಗಳನ್ನು ಹುಡುಕಿ ತಂದು, ವಿಗನ್ ಕ್ಯಾಸಿನೋ ಅನ್ನುವ ಹಾಲಿನಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಕುಣಿದರು. ನಾರ್ದರ್ನ್ ಸೋಲ್ ಅಂತ ಅದಕ್ಕೆ ಹೆಸರು. ಲಂಡನ್ನಿನಲ್ಲಂತೂ ಸೋಲ್ ಹಾಕುವ ಸ್ಟೇಷನ್ ಸಾಕಷ್ಟಿಲ್ಲ ಅಂತ ಲೈಸೆನ್ಸ್ ಇಲ್ಲದೆಯೇ ಬಿಲ್ಡಿಂಗ್ ಮೇಲೆ ಆಂಟೆನಾ ಕಟ್ಟಿ ಸ್ಟೇಷನ್ ನಡೆಸಿದರು. 1985ರಲ್ಲಿ ಕದ್ದು ಶುರುವಾದ ಕಿಸ್ ಎಫ್‌ಎಂ 1990ರಲ್ಲಿ ಲೈಸೆನ್ಸ್ ತಗೊಂಡು ರಾಜಮಾರ್ಗಕ್ಕೆ ಬಂತು. 1984ರಲ್ಲಿ ಹಾಗೇ ಶುರುವಾದ ಸೋಲಾರ್ ರೇಡಿಯೋ ನನ್ನ ಎರಡನೇ ಬಟನ್‌ನಲ್ಲಿದೆ. ಇನ್ನು ಬಿಬಿಸಿಯವರು 2007ರಿಂದ ಇಂಟ್ರೊಡ್ಯೂಸಿಂಗ್ ಅಂತ ಒಂದು ವ್ಯವಸ್ಥೆ ಇಟ್ಟಿದ್ದಾರೆ. ಹೊಸ ಹಾಡುಗಾರರು ತಮ್ಮ ಹಾಡನ್ನು ಅಪ್‌ಲೋಡ್ ಮಾಡಿದರೆ ಅವರ ಭಾಗದ ಸ್ಥಳೀಯ ಸ್ಟೇಷನ್ನಿನವರು ಕೇಳಿ, ಚೆನ್ನಾಗಿದ್ದರೆ ಹಾಕುತ್ತಾರೆ. ಶಿಫಾರಸು, ಪರಿಚಯ ಏನೂ ಬೇಡ. ನಮ್ಮ ಜಿಲ್ಲೆಗಳಿಗೆ ಬೇಕಾಗಿರುವುದು ಇಂಥದ್ದೇ.

ಈಗ ಅದೇ ಸೆಟ್ಟಿನ ಎಫ್‌ಎಂ ಕಡೆಗೆ ಬನ್ನಿ. ಕೋಲಾರದಲ್ಲಿ ಬೆಂಗಳೂರಿನ ಸ್ಟೇಷನ್‌ಗಳು ಬರುತ್ತವೆ, ಆಂಟೆನಾ ಎಳೆದು ಕಿಟಕಿ ಕಡೆ ತಿರುಗಿಸಿದರೆ ಚೆನ್ನಾಗೇ ಬರುತ್ತವೆ. ಆದರೆ ಕೇಳಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಸುದ್ದಿ ನಮಗೆ. ಇಲ್ಲಿನ ಟೊಮೆಟೊ ಮಂಡಿಯಲ್ಲಿ ಲಾರಿ ಸಾಲುಗಟ್ಟಿ ಡೂಂ ಲೈಟ್ ಸರ್ಕಲ್ಲಿನವರೆಗೆ ಜಾಮ್ ಆದರೂ ಯಾರೂ ಹೇಳಲ್ಲ, ಅದು ಬಿಡಿ. ಹಾಡು ಹಾಕಿದರೆ ಹಾಡಿದವರ ಹೆಸರಿಲ್ಲ. ಹೀರೋ ಹೆಸರು ಹೇಳುತ್ತಾರೆ! ಗಾಯಕರು ಯಾರು, ಬರೆದವರು ಯಾರು ಅಂದರೆ ಮೌನ. ಈ ವಿಷಯದಲ್ಲಿ ಆಕಾಶವಾಣಿ ಎಷ್ಟೋ ವಾಸಿ, ಸಾಹಿತ್ಯ, ಸಂಗೀತ, ಗಾಯನ ಎಲ್ಲಾ ಹೇಳಿಯೇ ಮುಂದಕ್ಕೆ ಹೋಗುವ ಪದ್ಧತಿ ಅವರದು. ಆಡಿಷನ್ ಮಾಡಿ ಬಿ, ಬಿ ಹೈ, ಎ ಅಂತ ಗ್ರೇಡ್ ಕೊಡುವುದೂ ಅವರೇ. ಗಣೇಶನ ಹಬ್ಬದ ಬ್ಯಾನರ್ ನೋಡಿ, ಹಾಡುವವರ ಫೋಟೋ ಕೆಳಗೆ ‘ಆಕಾಶವಾಣಿ ಕಲಾವಿದರು’ ಅಂತ ಇರುತ್ತದೆ. ಆ ಎರಡು ಪದಕ್ಕೆ ಹಳ್ಳಿಯಲ್ಲಿ ಇವತ್ತಿಗೂ ಬೆಲೆ ಇದೆ. ಬಂಗಾರಪೇಟೆಯ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ಬಾರಿಸುವ ಹುಡುಗ ನನಗೆ ಹೇಳಿದ್ದು: ‘ರೇಡಿಯೋದಲ್ಲಿ ಒಂದು ಸಲ ಹೆಸರು ಬಂದ್ರೆ ಸಾಕಣ್ಣ, ರೇಟ್ ಮಾತಾಡೋವಾಗ ನಮ್ಮ ದನಿ ಸ್ವಲ್ಪ ಜೋರಾಗುತ್ತೆ.’

ನಮ್ಮ ಜಿಲ್ಲೆಗೆ ಸ್ಥಳೀಯ ರೇಡಿಯೋ ಗೊತ್ತಿಲ್ಲದ ವಿಷಯವೇನಲ್ಲ. ಹೈದರಾಲಿ ಹುಟ್ಟಿದ ಊರು ಬೂದಿಕೋಟೆಯಲ್ಲಿ 2001ರ ಸುಮಾರಿಗೆ ‘ನಮ್ಮ ಧ್ವನಿ’ ಶುರುವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮುಂದೆ ನಿಂತವು, ಯುನೆಸ್ಕೋ ನೆರವು ಕೊಟ್ಟಿತು. ಗಾಳಿಯಲ್ಲಿ ಬಿಡೋಕೆ ಆಗ ಹಳ್ಳಿಯವರಿಗೆ ಲೈಸೆನ್ಸ್ ಸಿಗುತ್ತಿರಲಿಲ್ಲ. ಅದಕ್ಕೆ ಏನು ಮಾಡಿದರು ಗೊತ್ತಾ, ಕೇಬಲ್ ಟಿವಿ ತಂತಿಯಲ್ಲೇ ಮನೆಮನೆಗೆ ದನಿ ಕಳಿಸಿದರು. ಊರಿನ ಹೆಂಗಸರು, ಹುಡುಗರು ಸೇರಿ ಕಾರ್ಯಕ್ರಮ ಮಾಡಿದರು. ಗಾಳಿಯ ತರಂಗ ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸಮುದಾಯ ರೇಡಿಯೋಗೆ ಕಾಲೇಜುಗಳಿಗೆ ಬಾಗಿಲು ತೆಗೆದದ್ದು 2002ರಲ್ಲಿ, ಸಂಘ ಸಂಸ್ಥೆಗಳಿಗೆ 2006ರಲ್ಲಿ. ತುಮಕೂರಿನಲ್ಲಿ ರೇಡಿಯೋ ಸಿದ್ಧಾರ್ಥ 90.8ರಲ್ಲಿ ಬರುವುದು ಕಾಲೇಜಿನ ಕಡೆಯಿಂದಲೇ. ಇಂಥ ಸ್ಟೇಷನ್ನಿನ ಶಕ್ತಿ 100 ವ್ಯಾಟ್ ಅಷ್ಟೇ, ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಜಾಸ್ತಿ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗೇ ತಯಾರಾಗಬೇಕು ಅಂತ ನಿಯಮ ಇದೆ. ಆ ಅರ್ಧದಲ್ಲಿ ದಿನಕ್ಕೆ ಐದು ನಿಮಿಷ ನ್ಯೂ ಆರ್ಲಿಯನ್ಸಿನ ಥರ ಪಟ್ಟಿ ಓದೋಕೆ ಏನು ಖರ್ಚು? ಇವತ್ತು ಮುಳಬಾಗಿಲಲ್ಲಿ ಯಾರ ತತ್ವಪದ, ಮಾಲೂರಿನಲ್ಲಿ ಯಾವ ಆರ್ಕೆಸ್ಟ್ರಾ, ಶ್ರೀನಿವಾಸಪುರದ ಯಾವ ಹಳ್ಳಿಯಲ್ಲಿ ನಾಟಕ. ಫೋನ್ ಮಾಡಿ ಹೇಳೋಕೆ ಕಲಾವಿದರೇ ಸಾಲು ನಿಲ್ಲುತ್ತಾರೆ.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಹುಡುಗನಾಗಿದ್ದಾಗಿನಿಂದ ಬಾರಿಸಿದವರು. ಪ್ರಶಸ್ತಿ ಬರುವವರೆಗೂ ಅಷ್ಟು ಹತ್ತಿರದ ನಮ್ಮ ಮನೆಯಲ್ಲಿ ಆ ಹೆಸರು ಯಾರೂ ಕೇಳಿರಲಿಲ್ಲ. ಬೆಂಗಳೂರಿನ ಸಿಗ್ನಲ್ ಜಾಮಿನ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ!

ಹೆಸರು ಹೇಳಿದರೆ ಸಾಕಾ, ದುಡ್ಡು? ಅದೂ ಬೇಕು. ಅಮೆರಿಕದ ಎಫ್‌ಎಂ, ಎಎಂ ಸ್ಟೇಷನ್‌ಗಳು ಹಾಡು ಬರೆದವರಿಗೆ ದುಡ್ಡು ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ‘ರೆಸ್ಪೆಕ್ಟ್’ ಹಾಡು ಬರೆದು 1965ರಲ್ಲಿ ಮೊದಲು ಹಾಡಿದ್ದು ಓಟಿಸ್ ರೆಡ್ಡಿಂಗ್. 1967ರಲ್ಲಿ ಅರೀತಾ ಹಾಡಿದ ಮೇಲೆ ಅದು ಜಗತ್ತಿನ ಹಾಡಾಯಿತು. ಆದರೂ ರೇಡಿಯೋದಲ್ಲಿ ಓಡಿದಾಗಲೆಲ್ಲ ಪಾಲು ಹೋಗಿದ್ದು ಬರೆದವರ ಕಡೆಗೆ, ಅರೀತಾಗೆ ಬಿಡಿಗಾಸಿಲ್ಲ. ಇಂಗ್ಲೆಂಡಿನಲ್ಲಿ ಇಬ್ಬರಿಗೂ ಸಿಗುತ್ತದೆ. ನಮ್ಮ ದೇಶದಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ ಬರೆದವರು, ರಾಗ ಹಾಕಿದವರು, ಹಾಡಿದವರ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿದರು. ಆದರೆ ಯಾರ ಹಾಡು ಓಡಿತು ಅಂತ ಲೆಕ್ಕ ಬರೆದಿಟ್ಟರೆ ತಾನೇ ದುಡ್ಡು? ಹೆಸರೇ ಹೇಳದ ಕಡೆ ಲೆಕ್ಕ ಎಲ್ಲಿಂದ ಬರಬೇಕು. ಅದಕ್ಕೇ ನನಗೆ ಆ ಚೌಕ ಚೌಕದ ಪರದೆ ಕಂಡರೆ ಮೈ ಉರಿಯುವುದು.

ಹಾಗಾದರೆ ಕೊಳ್ಳಬೇಕಾ? ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಹೋಗಿದ್ದು ಬೇಸ್‌ಗೆ, ಅರ್ಧ ಬ್ಯಾಟರಿಗೆ, ಇನ್ನರ್ಧ ಕನ್ನಡ ಅಕ್ಷರಕ್ಕೆ. ಹಬ್ಬದ ಆಫರ್‌ನಲ್ಲಿ ಸಾವಿರ ಒಂದೂವರೆ ಸಾವಿರ ಇಳಿಯುತ್ತದೆ, ಕಾಯಬಹುದು. ರಿಮೋಟ್ ಜೊತೆ ಬರುತ್ತದೆ, ಆಟಿಕೆ ಥರ ಇದೆ, ನಂಬಬೇಡಿ. ವಯಸ್ಸಾದವರಿಗೆ ಕೊಡಿಸುವ ಹಾಗಿದ್ದರೆ ನೀವೇ ಐದಾರು ಸ್ಟೇಷನ್ ಬಟನ್‌ಗೆ ಹಾಕಿಕೊಟ್ಟುಬಿಡಿ, ಮೆನುವಿನೊಳಗೆ ಹೋದರೆ ಹೊರಗೆ ಬರೋದು ಕಷ್ಟ. ಮೂರನೇ ಬಟನ್ ನಾನು ಇನ್ನೂ ಖಾಲಿ ಇಟ್ಟಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಯಾವುದಾದರೂ ಸಮುದಾಯ ರೇಡಿಯೋ ಇಂಟರ್ನೆಟ್ಟಿನಲ್ಲೂ ಬರುತ್ತಿದ್ದರೆ, ಅದರಲ್ಲಿ ಊರಿನವರ ಹಾಡು ಹಾಕಿ ಹೆಸರು ಹೇಳುತ್ತಿದ್ದರೆ, ವಿಳಾಸ ತಿಳಿಸಿ. ಒಂದೊಂದೇ ಅಕ್ಷರ ತಿರುಪಿ ಹಾಕಿಕೊಳ್ಳೋಕೆ ನಾನು ರೆಡಿ.